ಎಡಗಡೆಯ ಬಿಸಿಲು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಬೆಳಿಗ್ಗೆ ಬಿಸಿಲು ಎಡಗಡೆ ಬೀಳುತ್ತದೆ. ಮಧ್ಯಾಹ್ನದ ಮೇಲೆ ತಿರುಗಿ ಬರುವಾಗಲೂ ಎಡಗಡೆಗೇ ಬೀಳುತ್ತದೆ. ಈ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸು ಬಂದು ನಿಲ್ಲುವ ಮೊದಲೇ ಬಲಗಡೆಯ ಕಿಟಕಿಗಳಿಂದ ಟವೆಲ್ಲು, ಚೀಲ, ಒಮ್ಮೊಮ್ಮೆ ಅಳುವ ಕೂಸು ಸಹ ಒಳಗೆ ಬಿದ್ದು ಸೀಟು ಹಿಡಿದುಬಿಡುತ್ತವೆ. ರಾಜಶ್ರೀಯೂ ಕರವಸ್ತ್ರ ಹಾಕಿ ಬಲಗಡೆಯ ಸೀಟು ಹಿಡಿದಿದ್ದಳು. ಸಂತೆಕಲ್ಲೂರು ದಾಟಿದ ಮೇಲೆಯೇ ಅವಳಿಗೆ ತಾನು ನೆರಳಲ್ಲಿ ಕೂತಿದ್ದೇನೆ ಎಂಬುದು ಗಮನಕ್ಕೆ ಬಂದದ್ದು. ತಾನು ಹೊರಟಿರುವುದೇ ಮೈಯಲ್ಲಿ ಬಿಸಿಲು ಎಷ್ಟು ಇಳಿದಿದೆ ಎಂದು ನೋಡಿಸಿಕೊಳ್ಳುವುದಕ್ಕೆ. ಆದರೆ ಕೈ ತನ್ನ ಪಾಡಿಗೆ ತಾನು ನೆರಳನ್ನು ಹಿಡಿದಿತ್ತು. ಎದ್ದು ಆ ಕಡೆ ಹೋಗಬೇಕೆಂದುಕೊಂಡಳು. ಎಡಗಡೆ ಮೂವರ ಸೀಟಿನಲ್ಲಿ ಒಬ್ಬ ಮುದುಕ ತಲೆಗೆ ವಲ್ಲಿ ಸುತ್ತಿಕೊಂಡು ಒಬ್ಬನೇ ಕೂತಿದ್ದ. ನೆರಳು ಬಿಟ್ಟು ಬಿಸಿಲಿಗೆ ಹೋಗಿ ಕೂತ ಹೆಂಗಸನ್ನು ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತದೆ ಎನಿಸಿ ಕೂತಲ್ಲೇ ಕೂತಳು.

ಒಂಬತ್ತು. ಎರಡು ತಿಂಗಳ ಹಿಂದೆ ಬಂದ ರಿಪೋರ್ಟಿನಲ್ಲಿ ಇದ್ದದ್ದು ಅಷ್ಟೇ. ಮೂವತ್ತಾದರೂ ಇರಬೇಕಾಗಿತ್ತಂತೆ. ಸಿಂಧನೂರಿನ ಮಕ್ಕಳಾಗದವರ ಆಸ್ಪತ್ರೆಯ ಡಾಕ್ಟರ್ ಶಿವಕುಮಾರಿ ವಿಟಮಿನ್ ಡಿ ಎಂದಾಗ ಅವಳು ಅದು ಯಾವುದೋ ಹಣ್ಣಿನಲ್ಲಿ, ಬೇರೆ ದೇಶದ ಮೀನಿನಲ್ಲಿ ಇರುವಂಥದ್ದು ಎಂದುಕೊಂಡಿದ್ದಳು. ಬಿಸಿಲು ತೊಗಲಿಗೆ ಬಿದ್ದರೆ ಮೈಯೇ ಅದನ್ನು ಮಾಡಿಕೊಳ್ಳುತ್ತದೆ ಎಂದು ಕೇಳಿ ಅವಳಿಗೆ ಮೊದಲು ನಗು ಬಂದಿತ್ತು. ಈ ರಾಯಚೂರು ಜಿಲ್ಲೆಯಲ್ಲಿ, ಕಾಗೆ ಸಹ ಕೊಕ್ಕು ತೆರೆದು ಕೂಡುವ ಬಿಸಿಲಲ್ಲಿ, ಒಬ್ಬ ಹೆಂಗಸಿಗೆ ಬಿಸಿಲಿನ ಕೊರತೆ. ಹೊಳೆಯೊಳಗಿನ ಮೀನು ಬಾಯಾರಿ ಸತ್ತಂತೆ. ನಗು ಬಂದು ಹೋದ ಮೇಲೆ ನೆನಪಾದದ್ದು ಮಸ್ಕಿಯ ತವರುಮನೆಯ ಪಡಸಾಲೆ. ಹೆಣ್ಣು ನೋಡಲು ಬಂದ, ಮುಂದೆ ಅತ್ತೆಯಾದ ಕಸ್ತೂರೆಮ್ಮ ಚಹದ ಕಪ್ಪು ಕೆಳಗಿಟ್ಟು ಅವಳ ಮುಂಗೈ ಹಿಡಿದು ಹೊರಳಿಸಿದ್ದರು. ಒಳಗೈ ಬಣ್ಣ ನೋಡಿದರು, ಹೊರಗೈ ಬಣ್ಣ ನೋಡಿದರು, ಮತ್ತೆ ಒಳಗೈ ನೋಡಿದರು. ಎರಡೂ ಒಂದೇ. ಬಿಸಿಲು ಕಾಣದ ಕೂಸು ಎಂದು ಮೆಚ್ಚಿಕೊಂಡು ಅಲ್ಲೇ ಒಪ್ಪಿದ್ದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ತಾನು ಇಪ್ಪತ್ತಮೂರು ವರ್ಷ ಅಂಗಳಕ್ಕೆ ಬಿಡದೆ ಸಾಕಿದ್ದು ಸಾರ್ಥಕವಾಯಿತೆಂದು. ಈಗ ಅದೇ ಮುಂಗೈಯನ್ನು ಹೊರಳಿಸಿ ಆಸ್ಪತ್ರೆಯ ಸಿಸ್ಟರ್ ಭಾರತಿ ನರ ಹುಡುಕುತ್ತಾಳೆ. ಇಂಥ ಕೈಯಲ್ಲಿ ನರ ಚಂದಾಗಿ ಕಾಣಸ್ತಾವು ನೋಡ್ರಿ ಎಂದು ಅವಳೂ ಮೆಚ್ಚುತ್ತಾಳೆ.

ಲಗ್ನವಾಗಿ ಬಂದ ಮನೆ ಲಿಂಗಸುಗೂರಿನ ಪೇಟೆಯಲ್ಲಿ, ಮುಂದೆ ಬಟ್ಟೆಯಂಗಡಿ, ಹಿಂದೆ ರೈಲಿನ ಡಬ್ಬಿಯಂತೆ ಒಂದರ ಹಿಂದೊಂದು ಕೋಣೆ. ನಡುಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಇಳಿದ ರೂಪಾಯಿಯಗಲದ ಬಿಸಿಲು ಹತ್ತು ಗಂಟೆಗೆ ಒರಳಿನ ಹತ್ತಿರ ಇರುತ್ತದೆ, ಹನ್ನೆರಡಕ್ಕೆ ದೇವರಕೋಣೆಯ ಹೊಸ್ತಿಲು ಮುಟ್ಟುತ್ತದೆ, ಎರಡಕ್ಕೆ ಗೋಡೆ ಏರಿ ಮಾಯವಾಗುತ್ತದೆ. ಹದಿಮೂರು ವರ್ಷ ಅವಳು ಆ ರೂಪಾಯಿಯನ್ನು ದಾಟಿ ಓಡಾಡಿದ್ದಾಳೆ, ಒಂದು ದಿನವೂ ಅದರ ಕೆಳಗೆ ಕೈಯೊಡ್ಡಿರಲಿಲ್ಲ. ಗಂಡ ಸಂಗನಬಸವ ಒಳ್ಳೆಯವನು. ಆಸ್ಪತ್ರೆಯಲ್ಲಿ ಎರಡು ಸಲ ಅವಳ ಗರ್ಭದಲ್ಲಿ ಭ್ರೂಣ ಇಟ್ಟು ಎರಡು ಸಲವೂ ನಿಲ್ಲದೆ ಹೋದಾಗ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಇದ್ದ, ಒಳಗೆ ಬಂದು ಏನೂ ಕೇಳಲಿಲ್ಲ. ಕೇಳದೆ ಇರುವುದೇ ಅವನಿಗೆ ಗೊತ್ತಿದ್ದ ಸಮಾಧಾನ. ಹೊರಗೆ ಬೆಳೆಸಿ ತೆಗೆದಿಟ್ಟ ಮೂರು ಭ್ರೂಣಗಳಲ್ಲಿ ಎರಡು ಹೋದವು. ಒಂದು ಉಳಿದಿದೆ. ಮತ್ತೆ ತತ್ತಿ ತೆಗೆಯುವುದು ಇನ್ನು ಕಷ್ಟ, ಅವಳ ತತ್ತಿಗಳೇ ಮುಗಿಯುತ್ತ ಬಂದಿವೆ ಎಂದು ಡಾಕ್ಟರು ಹೇಳಿದ್ದರು. ಆ ಒಂದನ್ನು ಇಡುವ ಮೊದಲು ಇದೊಂದನ್ನು ಸರಿ ಮಾಡಿಕೊಳ್ಳೋಣ ಎಂದು ವಾರಕ್ಕೊಂದರಂತೆ ಎಂಟು ಪುಡಿಯ ಪ್ಯಾಕೆಟ್ಟು ಬರೆದುಕೊಟ್ಟು, ದಿನಾ ನಡುಮಧ್ಯಾಹ್ನ ಒಂದಿಷ್ಟು ಬಿಸಿಲಲ್ಲಿ ನಿಲ್ಲಿ ಎಂದಿದ್ದರು. ಮಧ್ಯಾಹ್ನ ಮಾಳಿಗೆ ಮೇಲೆ ಸೊಸೆ ನಿಂತರೆ ಓಣಿಯವರೆಲ್ಲ ನೋಡುತ್ತಾರೆಂದು ಅವಳು ಮುಂಜಾನೆಯ ಎಳೆಬಿಸಿಲಲ್ಲಿ, ತುಂಬು ತೋಳಿನ ಕುಪ್ಪಸದಲ್ಲಿ, ಸೆರಗು ಹೊದ್ದು ನಿಂತು ಬಂದಿದ್ದಳು. ಪುಡಿಯನ್ನು ಮಾತ್ರ ಒಂದು ವಾರವೂ ತಪ್ಪಿಸಿರಲಿಲ್ಲ. ಆ ಎಂಟು ಸೋಮವಾರಗಳೇ ಅವಳ ಧೈರ್ಯ.

ಮಸ್ಕಿ ದಾಟಿ ಬಹಳ ಹೊತ್ತಾದ ಮೇಲೆ ನೆಲದ ಬಣ್ಣ ಬದಲಾಯಿತು. ಅಲ್ಲಿಯತನಕ ಕೊಯ್ದ ಜೋಳದ ಕೂಳೆ, ಬಿರುಕು ಬಿಟ್ಟ ಕರಿನೆಲ. ಆಮೇಲೆ ಕಾಲುವೆ ಮುಟ್ಟಿದಲ್ಲಿಂದ ಒಮ್ಮೆಲೇ ಕಣ್ಣು ಕುಕ್ಕುವ ಬತ್ತದ ಹಸಿರು. ಇಷ್ಟು ವರ್ಷ ಅದನ್ನು ನೀರಿನ ಮಹಿಮೆ ಎಂದೇ ನೋಡಿದ್ದಳು. ಬಿಸಿಲು ಮಾತ್ರ ಆ ನೆಲಕ್ಕೂ ಈ ನೆಲಕ್ಕೂ ಒಂದೇ ಅಲ್ಲವೇ ಎಂದು ಆ ಹೊತ್ತು ಹೊಳೆಯಿತು. ಸುರಿಯುವವನು ಭೇದ ಮಾಡುವುದಿಲ್ಲ. ಒಳಗೆ ತೆಗೆದುಕೊಳ್ಳುವುದಕ್ಕೆ ನೆಲದಲ್ಲಿ ಏನೋ ಬೇಕು.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಎರಡು ತಾಸು ಕೂತಳು. ರಿಪೋರ್ಟು ಬಂತು. ಹನ್ನೊಂದು.

ಡಾಕ್ಟರ್ ಶಿವಕುಮಾರಿ ಕಾಗದವನ್ನು ಎರಡು ಸಲ ನೋಡಿದರು. ಎಂಟು ಪ್ಯಾಕೆಟ್ಟೂ ಮುಗಿದವೇ ಎಂದು ಕೇಳಿದರು. ಮುಗಿದಿದ್ದವು. ಖಾಲಿ ಪ್ಯಾಕೆಟ್ಟುಗಳನ್ನೂ ಅವಳು ಚೀಲದಲ್ಲಿ ತಂದಿದ್ದಳು, ಹೋಂವರ್ಕ್ ತೋರಿಸುವ ಹುಡುಗಿಯಂತೆ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಹೆಂಗ ತಗೊಂಡ್ರಿ?"

"ಸೋಮವಾರಕ್ಕೊಂದು ತಗೊಂಡೀನ್ರಿ."

"ಹಾಲಿನಾಗ? ಊಟ ಆದಮ್ಯಾಲೆ?"

"ಸೋಮವಾರ ನಂದು ಉಪವಾಸ ಇರ್ತದರಿ. ಮುಂಜಾನಿ ಲಿಂಗಪೂಜಿ ಆದಮ್ಯಾಲ ತೀರ್ಥದಾಗ ಹಾಕ್ಕೊಂಡು ತಗೊಂಡೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಪೂರಾ ನೀವ ಕುಡದ್ರಿ?"

ಆಗ ಅವಳ ಕಣ್ಣ ಮುಂದೆ ಬೆಳ್ಳಿಯ ಬಟ್ಟಲು ಬಂದು ನಿಂತಿತು. ಮಗುವಿಗಾಗಿ ಬಂದ ಔಷಧಿ ದೇವರನ್ನು ಮುಟ್ಟಿ ಬರಲಿ ಎಂದವರು ಅತ್ತೆ ಕಸ್ತೂರೆಮ್ಮ. ಸೋಮವಾರ ಎಂದು ದಿನ ಗೊತ್ತು ಮಾಡಿದವರೂ ಅವರೇ. ಪುಡಿಯನ್ನು ಬಟ್ಟಲ ನೀರಿಗೆ ಹಾಕಿ, ಅಂಗೈ ಮೇಲಿನ ಲಿಂಗದ ಮುಂದೆ ಹಿಡಿದು, ಕಣ್ಣು ಮುಚ್ಚಿ ಬೇಡಿಕೊಂಡು ಕೊಡುತ್ತಿದ್ದರು. ಕೊಟ್ಟದ್ದು ತೀರ್ಥ. ತೀರ್ಥವನ್ನು ಮನೆಯಲ್ಲಿ ಒಬ್ಬರೇ ಕುಡಿಯುವ ಪದ್ಧತಿ ಇಲ್ಲ. ಅಂಗಡಿ ಬಾಗಿಲು ತೆಗೆಯುವ ಮೊದಲು ಸಂಗನಬಸವ ಒಂದು ಗುಟುಕು, ಕಸ್ತೂರೆಮ್ಮ ಒಂದು ಗುಟುಕು, ಕೆಲಸಕ್ಕೆ ಬರುವ ಯಮನೂರಮ್ಮನ ಬೊಗಸೆಗೆ ಮೇಲಿನಿಂದ ಒಂದಿಷ್ಟು. ಬಟ್ಟಲ ತಳಕ್ಕೆ ಅಂಟಿದ್ದನ್ನು ತುಳಿಯಬಾರದೆಂದು ತೊಳೆದು ಪತ್ರಿಗಿಡದ ಬುಡಕ್ಕೆ.

"ಎಲ್ಲಾರೂ ಒಂದೊಂದು ಗುಟುಕು ತಗೋತಿದ್ರರಿ," ಎಂದಳು. "ತೀರ್ಥ ಒಬ್ಬರ ಕುಡೀಬಾರದಲ್ರಿ."

ಭಾರತಿ ಗೋಡೆಯ ಕಡೆ ತಿರುಗಿ ಔಷಧಿಯ ಡಬ್ಬ ಸರಿಪಡಿಸತೊಡಗಿದಳು. ಅವಳ ಭುಜ ಅಲುಗುತ್ತಿತ್ತು. ರಾಜಶ್ರೀ ಆ ಭುಜವನ್ನೇ ನೋಡುತ್ತ ಕೂತಳು. ಮೈಯ ಎಲ್ಲ ಬಾಗಿಲುಗಳನ್ನೂ ಈ ಕೋಣೆಯಲ್ಲಿ ತೆರೆದು ತೋರಿಸಿದವಳಿಗೆ ಆ ನಗುವಿನ ಮುಂದೆ ಮಾತ್ರ ಬೆತ್ತಲಾದಂತೆ ಆಯಿತು. ದಡ್ಡತನಕ್ಕೆ ಯಾವ ಸೆರಗು ಹೊದೆಯಬೇಕು. ಗಿಡ ಸಹ ಕುಡಿದಿದೆಯಲ್ಲ. ಈ ಸಲ ಪತ್ರಿಗಿಡ ಇಷ್ಟು ಚಿಗುರಿದ್ದು ಅದಕ್ಕೇ ಇರಬೇಕು.

ಶಿವಕುಮಾರಿ ನಗಲಿಲ್ಲ. ಎಣ್ಣೆಯಲ್ಲಿ ಕರಗುವ ವಸ್ತು ಅದು, ಖಾಲಿ ಹೊಟ್ಟೆಯಲ್ಲಿ ಬರೀ ನೀರಲ್ಲಿ ಕುಡಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಅದರಲ್ಲೂ ನಾಲ್ಕು ಪಾಲಾದರೆ ಇಷ್ಟೇ ಎಂದು ಬಿಡಿಸಿ ಹೇಳಿದರು. ಈ ತಿಂಗಳು ಭ್ರೂಣ ಇಡುವುದು ಬೇಡ, ಮತ್ತೆ ಹತ್ತು ವಾರ ತೆಗೆದುಕೊಂಡು ನೋಡೋಣ ಎಂದರು. ಇದು ಏರಿದರೆ ಖಂಡಿತ ನಿಲ್ಲುತ್ತದೆಯೇ ಎಂದು ಅವಳು ಕೇಳಿದಳು.

"ಖಂಡಿತ ಅಂತ ನಾ ಹೇಳಂಗಿಲ್ಲ," ಎಂದರು ಡಾಕ್ಟರು. "ಡಿ ಬರೋಬರ್ ಇದ್ದವರಿಗೆ ಒಂದೀಟು ಜಾಸ್ತಿ ನಿಲ್ತಾವು ಅಂತ ಕೆಲವು ಅಧ್ಯಯನ ಹೇಳ್ತಾವು. ಫರಕ್ ಇಲ್ಲ ಅಂತ ಹೇಳೋವೂ ಅದಾವು. ಆದ್ರ ಉಳದದ್ದು ಒಂದ. ಬೀಗರು ಬರೂದರಾಗ ಮನಿ ಸಾರಿಸಿ ಇಡ್ತೀವಲ್ಲ, ಹಂಗ."

ಆಮೇಲೆ ಏನನ್ನಿಸಿತೋ, ಕಂಪ್ಯೂಟರಿನ ಮುಖವನ್ನು ಅವಳ ಕಡೆ ತಿರುಗಿಸಿದರು. ಬೂದು ಬಣ್ಣದ ನಡುವೆ ಒಂದು ದುಂಡು. ಅದರೊಳಗೆ ಸೂಕ್ಷ್ಮವಾದ ಗುಳ್ಳೆಗಳ ಅಂಚು, ಒಂದು ಕಡೆ ಒತ್ತಾಗಿ ಕೂಡಿದ ಒಂದಿಷ್ಟು ಕಣ. ಉಳಿದ ಆ ಒಂದು ಭ್ರೂಣ, ಐದು ದಿನದ್ದು ಎಂದರು. ಗುಳ್ಳೆಗಳ ಅಂಚು ಕೂಸಿನ ಮಾಸು ಆಗುವುದಂತೆ, ಆ ಒತ್ತಾದ ಕಣಗಳು ಮಗುವಾಗುವುದಂತೆ, ಆಗುವುದಿದ್ದರೆ. ಹಿಂದಿನ ಕೋಣೆಯಲ್ಲಿ ಹಾಲಿನ ಕ್ಯಾನಿನಂಥ ಪಾತ್ರೆಯೊಳಗೆ, ನೆನೆಸಲೂ ಆಗದಂಥ ಚಳಿಯಲ್ಲಿ ಅದು ಇದೆ. ಎರಡು ವರ್ಷದಿಂದ ಇದೆ. ಅದಕ್ಕೆ ಎರಡು ವರ್ಷ ಆಗಿಲ್ಲ, ಇವತ್ತಿಗೂ ಐದೇ ದಿನ. ಅವಳು ಕುರ್ಚಿಯ ತುದಿಗೆ ಬಂದಳು. ಈ ಎರಡು ವರ್ಷದಲ್ಲಿ ಅವಳ ಬೈತಲೆಯಲ್ಲಿ ಬಿಳಿಗೂದಲು ಬಂದಿದ್ದವು, ಅವ್ವ ತೀರಿಕೊಂಡಿದ್ದಳು, ನಡುಮನೆಯ ರೂಪಾಯಿ ಬಿಸಿಲು ಏಳುನೂರು ಸಲ ಗೋಡೆ ಏರಿತ್ತು. ಆ ದುಂಡು ಮಾತ್ರ ಹಗಲಿಲ್ಲದೆ, ಇರುಳಿಲ್ಲದೆ, ಏನನ್ನೂ ಬೇಡದೆ ಕೂತಿತ್ತು. ಇಷ್ಟು ದಿನ ತಾನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಕಾಯುತ್ತಿರುವುದು ಅದು. ತಾನು ಹಂಚಿಕೊಂಡು ಕುಡಿದು ಬಂದ ಎಂಟು ಸೋಮವಾರವೂ ಅದು ಅಲ್ಲಿ ಕಾದಿತ್ತು. ನಾಚಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ದೊಡ್ಡ ಗುಡ್ಡದ ಕೆಳಗೆ ನಿಂತವರಿಗೆ ತಮ್ಮ ಸೀರೆ ಹರಿದದ್ದು ಮರೆತುಹೋಗುವಂತೆ ಮರೆತುಹೋಯಿತು.

ತಿರುಗಿ ಬರುವಾಗ ಅವಳು ಬಸ್ಸು ಹತ್ತಿ ನೇರ ಎಡಗಡೆ ಹೋಗಿ ಕೂತಳು. ಗಾಜಿನ ಮೂಲಕ ಬಂದ ಬಿಸಿಲು ಆ ಕೆಲಸಕ್ಕೆ ಬಾರದು ಎಂದು ಭಾರತಿ ಬಾಗಿಲತನಕ ಬಂದು, ನಕ್ಕದ್ದಕ್ಕೆ ದಂಡ ತೆತ್ತವಳಂತೆ, ಮೆಲ್ಲಗೆ ಹೇಳಿ ಕಳಿಸಿದ್ದಳು. ಗಾಜು ಸರಿಸಿದಳು. ಕುಪ್ಪಸದ ತೋಳು ಮೇಲೇರಿಸಿ ಕೈಯನ್ನು ಕಿಟಕಿಯ ಮೇಲಿಟ್ಟಳು. ಟಿಕೆಟ್ಟು ಹರಿಯುತ್ತ ಕಂಡಕ್ಟರು ಆ ಕಡೆ ಖಾಲಿ ಅದಾವಲ್ರಿ ಅಕ್ಕಾ, ಬಿಸಲು ಬಡಿತೈತಿ ಎಂದ. ಇರಲಿ ಎಂದಳು. ಬಸ್ಸಿಗೆ ಬಸ್ಸೇನೂ ತಿರುಗಿ ನೋಡಲಿಲ್ಲ.

ಮನೆಗೆ ಬಂದಾಗ ಒಂದೂವರೆ. ಕಸ್ತೂರೆಮ್ಮ ಮಾಳಿಗೆಯ ಮೇಲೆ ಬೆಳಕಿಂಡಿಯ ಗೂಡಿನ ನೆರಳಿಗೆ ಮಣೆ ಹಾಕಿಕೊಂಡು ಕೂತಿದ್ದರು, ಯಮನೂರಮ್ಮ ಹಳೆಯ ಪಂಚೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ನಡುಹಗಲಲ್ಲಿ ಸೊಸೆ ಮಾಳಿಗೆ ಏರಿದ್ದು ನೋಡಿ ಇಬ್ಬರೂ ಕೈ ನಿಲ್ಲಿಸಿದರು. ಬಸ್ಸಿನ ದಾರಿಯುದ್ದಕ್ಕೂ ಅವಳು ಹೇಳುವುದೋ ಬಿಡುವುದೋ ಎಂದು ತೂಗಿದ್ದಳು. ಔಷಧಿ ಹತ್ತಲಿಲ್ಲ ಎಂದಷ್ಟೇ ಹೇಳಿದರೆ ಸಾಕಿತ್ತು. ಅರವತ್ತೆಂಟು ವರ್ಷದ ಹೆಂಗಸಿಗೆ ನಿನ್ನ ಭಕ್ತಿಯೇ ಅಡ್ಡ ಬಂತು ಎಂದು ಯಾವ ಬಾಯಲ್ಲಿ ಹೇಳುವುದು. ಹೇಳದಿದ್ದರೆ ಬರುವ ಸೋಮವಾರ ಮತ್ತೆ ಬಟ್ಟಲು. ಆ ಐದು ದಿನದ ಜೀವದ ಪಾಲನ್ನು ಮತ್ತೆ ನಾಲ್ವರು ಕುಡಿಯುವುದು. ನಿಂತೇ ಹೇಳಿದಳು, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು.

ಕಸ್ತೂರೆಮ್ಮ ತಮ್ಮ ಮೊಣಕಾಲು ನೀವಿಕೊಂಡರು.

"ಹಂಗಾರ ನನ್ನ ಮೊಣಕಾಲು ನೋವು ಇಳದದ್ದು..." ಎಂದು ಅರ್ಧಕ್ಕೆ ನಿಲ್ಲಿಸಿದರು. ಎರಡು ತಿಂಗಳಿಂದ ನೋವು ಇಳಿದಿದೆ, ದೇವರು ಕಣ್ಣು ತೆರೆದಿದ್ದಾನೆ, ಇನ್ನು ಕೂಸೂ ಬರುತ್ತದೆ ಎಂದು ಅವರು ಓಣಿಯಲ್ಲೆಲ್ಲ ಹೇಳಿಕೊಂಡಿದ್ದರು.

ಮಾತು ತೇಲಿಸಲೆಂದೋ ಏನೋ ಯಮನೂರಮ್ಮ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಅಂದಳು, "ಬಿಸಲು ತಿಂದ್ರ ಮಕ್ಕಳಾಗಂಗಿದ್ರ ನನಗ ಒಂದು ಡಜನ್ ಆಗಬೇಕಿತ್ತಲ್ರಿ ಅಕ್ಕೋರ. ವಳಕಮದಿನ್ನಿ ಗದ್ದ್ಯಾಗ ನಾಟಿ ಹಚ್ಚಿ ಹಚ್ಚಿ ಬೆನ್ನು ಹೆಂಚಾಗೈತಿ. ಒಂದೂ ಆಗಲಿಲ್ಲ."

ನಕ್ಕೇ ಹೇಳಿದಳು. ಹೇಳಿದ ಮೇಲೆ ನಗು ಮುಖದ ಮೇಲೆಯೇ ಉಳಿಯಿತು, ತೆಗೆಯಲು ಮರೆತಂತೆ. ಹನ್ನೊಂದು ವರ್ಷದಿಂದ ಮನೆಗೆ ಬರುವ ಈ ಹೆಂಗಸಿಗೆ ಮಕ್ಕಳಿಲ್ಲ ಎಂಬುದು ರಾಜಶ್ರೀಗೆ ಗೊತ್ತಿತ್ತು. ಗೊತ್ತಿದ್ದೂ ತನ್ನದು ಮಾತ್ರ ದುಃಖ, ಅವಳದು ಒಂದು ವಿವರ ಎಂಬಂತೆ ಇದ್ದಳು. ಅವಳಿಗೆ ಯಾರೂ ಯಾವ ರಕ್ತವನ್ನೂ ತೆಗೆದು ನೋಡಿರಲಿಲ್ಲ. ಅವಳ ಹೆಸರಿನ ಐದು ದಿನದ್ದು ಯಾವ ಚಳಿಯಲ್ಲೂ ಕಾಯುತ್ತಿರಲಿಲ್ಲ. ಬೊಗಸೆ ಹಿಡಿದಾಗ ಇವಳೂ ಏನನ್ನಾದರೂ ಬೇಡಿಕೊಂಡಿದ್ದಳೇ. ರಾಜಶ್ರೀ ಅವಳ ಪಕ್ಕ ಬಿಸಿಲಲ್ಲಿ ಕೂತು ಹಿಟ್ಟಿನ ಪಾತ್ರೆಗೆ ಕೈ ಹಾಕಿದಳು. ಬ್ಯಾಡ್ರಿ, ಕರ್ರಗಾಗ್ತೀರಿ ಎಂದಳು ಯಮನೂರಮ್ಮ. ಯಾರೂ ಏಳಲಿಲ್ಲ.

ಕಸ್ತೂರೆಮ್ಮ ಮೂರು ದಿನ ಊಟಕ್ಕೆ ಕರೆದರೆ ಬಂದರು, ಉಂಡರು, ಎದ್ದರು. ಪೂಜೆಯ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ಯಾರೊಂದಿಗೋ ಜಗಳಾಡುವ ಗೊಣಗು ಕೇಳುತ್ತಿತ್ತು. ಹೇಳಬಾರದಿತ್ತು ಎಂದು ರಾಜಶ್ರೀ ಒಳಗೊಳಗೇ ಬೆಂದಳು. ಸೋಮವಾರ ಬೆಳಿಗ್ಗೆ ಎದ್ದಾಗ ಅಡುಗೆಮನೆಯಲ್ಲಿ ಬೆಳಕಿತ್ತು. ಕಸ್ತೂರೆಮ್ಮ ಹಾಲು ಕಾಯಿಸಿ, ಎರಡು ಚಮಚ ತುಪ್ಪ ಬಿಟ್ಟು, ಬಿಸಿರೊಟ್ಟಿಯ ತಾಟಿನ ಪಕ್ಕ ಪುಡಿಯ ಪ್ಯಾಕೆಟ್ಟು ಇಟ್ಟುಕೊಂಡು ಕೂತಿದ್ದರು.

"ಅತ್ತೆಮ್ಮ, ಸೋಮವಾರರಿ," ಎಂದಳು ರಾಜಶ್ರೀ. "ನಾಳೆ ತಗೋತೀನಿ. ದಿನ ಬದಲಾದ್ರ ನಡೀತದಂತ."

"ಇವತ್ತ ತಗೋ. ಅವನ ದಿನಾನ ತಗೋ." ಕಸ್ತೂರೆಮ್ಮ ಹಾಲಿಗೆ ಪುಡಿ ಹಾಕಿ ಕದಡಿದರು. ಬಟ್ಟಲಲ್ಲ, ಸ್ಟೀಲಿನ ದೊಡ್ಡ ಲೋಟ. "ಅವನಿಗೆ ಹಾಲು ಎರೀತೀವಿ. ನಿನಗ ಬರೇ ನೀರು ಕೊಟ್ಟೆ ನೋಡು ನಾನು. ಉಪಾಸ ನಾ ಇರ್ತೀನಿ. ನೀ ಉಣ್ಣು."

ಅವಳು ಕುಡಿಯುವತನಕ ಎದುರಿಗೇ ಕೂತಿದ್ದರು. ತಳದಲ್ಲಿ ಒಂದು ಗುಟುಕು ಉಳಿಯಿತು, ಉಳಿಸುವುದು ಅವಳ ಕೈಗೆ ರೂಢಿಯಾಗಿತ್ತು. ಕಸ್ತೂರೆಮ್ಮ ಲೋಟವನ್ನು ಮೆಲ್ಲಗೆ ಅವಳ ಬಾಯಿಗೇ ಎತ್ತಿ ಹಿಡಿದರು.

ಹತ್ತು ವಾರ. ಮಧ್ಯಾಹ್ನ ಹನ್ನೆರಡಕ್ಕೆ ಗಿಡ್ಡ ತೋಳಿನ ಕುಪ್ಪಸ ತೊಟ್ಟು ಅವಳು ಮಾಳಿಗೆ ಏರುತ್ತಿದ್ದಳು, ಅರ್ಧ ತಾಸಿಗೆ ಇಳಿಯುತ್ತಿದ್ದಳು. ಮೊದಲ ವಾರ ಓಣಿ ನೋಡಿತು, ಎರಡನೆಯ ವಾರ ಬೇಸತ್ತಿತು. ಬಿಸಿಲನ್ನು ಅವಳು ಹುಟ್ಟಿದಾಗಿನಿಂದ ಬೈದವಳು, ಬಾಗಿಲು ಹಾಕಿ ಹೊರಗಿಟ್ಟವಳು. ಈಗ ಮುಂಗೈಯ ಮೇಲೆ ಅದು ಕೂತಾಗ ಉರಿಯ ಕೆಳಗೆ ಬೇರೇನೋ ನಡೆಯುತ್ತಿದೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಏನೂ ಕಾಣುವುದಿಲ್ಲ. ಕಾಣದಿದ್ದರೂ ಅಲ್ಲಿ, ರೋಮದ ಬುಡದಲ್ಲಿ, ಅಷ್ಟು ದೂರದಿಂದ ಹೊರಟು ಬಂದದ್ದು ಮುಟ್ಟುತ್ತದೆ, ಮುಟ್ಟಿದ್ದು ಬದಲಾಗುತ್ತದೆ, ಬದಲಾದದ್ದು ರಕ್ತಕ್ಕೆ ಇಳಿದು ಅವಳಿಗೂ ಗೊತ್ತಿಲ್ಲದ ಅವಳ ಒಳಕೋಣೆಗಳ ತನಕ ನಡೆದು ಹೋಗುತ್ತದೆ. ಅಡುಗೆ ಮಾಡಬಲ್ಲೆ, ಸೀರೆಗೆ ಫಾಲ್ ಹಚ್ಚಬಲ್ಲೆ ಎಂದಷ್ಟೇ ತನ್ನ ಬಗ್ಗೆ ತಿಳಿದಿದ್ದಳು. ಈ ಮೈಗೆ ಬೆಳಕನ್ನು ವಸ್ತು ಮಾಡುವುದು ಬರುತ್ತದೆ, ಯಾರೂ ಕಲಿಸದೆ ಬರುತ್ತದೆ, ಮೂವತ್ತಾರು ವರ್ಷ ಬರುತ್ತಲೇ ಇತ್ತು. ಬಂಜೆ ಎಂದು ಜನ ಬೆನ್ನ ಹಿಂದೆ ಅಂದ ಮೈ ಇದೇ. ಒಂದು ದಿನ ಅಂಗೈ ಹೊರಳಿಸಿ ನೋಡಿಕೊಂಡಳು. ಒಳಗೈ ಬೇರೆ, ಹೊರಗೈ ಬೇರೆ ಬಣ್ಣವಾಗಿದ್ದವು. ಪಕ್ಕದಲ್ಲಿ ಮಣೆಯನ್ನು ಬಿಸಿಲಿಗೆ ಎಳೆದುಕೊಂಡು ಕಾಲು ಚಾಚಿದ್ದ ಕಸ್ತೂರೆಮ್ಮನೂ ನೋಡಿದರು. ಕಾಲನ್ನು ಇನ್ನಷ್ಟು ಬಿಸಿಲಿಗೆ ಸರಿಸಿದರು. ಅದಕ್ಕೂ ಮೊದಲೇ ಒಂದು ದಿನ ರಾಜಶ್ರೀ ಯಮನೂರಮ್ಮನನ್ನು ಸಿಂಧನೂರಿಗೆ ಕರೆದುಕೊಂಡು ಹೋಗಿ ಬಂದಿದ್ದಳು. ಈಗ ವಯಸ್ಸಾಗಿದೆ, ಎಂದೋ ಬಂದಿದ್ದರೆ ನೋಡಬಹುದಿತ್ತು ಎಂದಿದ್ದರು ಡಾಕ್ಟರು. ತಿರುಗಿ ಬರುವಾಗ ಯಮನೂರಮ್ಮ ಸಮಾಧಾನದಲ್ಲಿದ್ದಳು. ಯಾರಾರ ನೋಡಿದ್ರಲ್ರಿ, ಅಷ್ಟ ಸಾಕು ಎಂದಿದ್ದಳು.

ಮೇ ತಿಂಗಳಲ್ಲಿ ರಿಪೋರ್ಟಿನಲ್ಲಿ ಮೂವತ್ತಮೂರು ಬಂತು. ಅದಾದ ಹದಿನೈದು ದಿನಕ್ಕೆ ಭ್ರೂಣ ಇಡುವ ದಿನ ಗೊತ್ತಾಯಿತು. ಸಂಗನಬಸವ ಅಂಗಡಿಗೆ ಬೀಗ ಹಾಕಿ ತಾನೇ ಕಾರು ಓಡಿಸಿಕೊಂಡು ಬಂದ. ಒಳಗೆ ಒಬ್ಬರು ಬರಬಹುದು ಎಂದಾಗ ಅವನು ಅವ್ವನ ಮುಖ ನೋಡಿದ. ಕಸ್ತೂರೆಮ್ಮ ಹಸಿರು ಗೌನು ತೊಟ್ಟು, ತಲೆಗೆ ಟೊಪ್ಪಿಗೆ ಹಾಕಿಸಿಕೊಂಡು, ಗೌನಿನ ಮೇಲಿಂದಲೇ ಕೊರಳ ಕರಡಿಗೆಯೊಳಗಿನ ಲಿಂಗವನ್ನು ಅದುಮಿ ಹಿಡಿದು ಸೊಸೆಯ ತಲೆಯ ಬಳಿ ನಿಂತರು.

ಕೋಣೆ ಕತ್ತಲಾಗಿತ್ತು. ಗೋಡೆಯ ಮೇಲಿನ ಪರದೆಯಲ್ಲಿ ಅವಳ ಗರ್ಭಕೋಶ ಬೂದುಬಣ್ಣದ ಹೊಲದಂತೆ, ಮಳೆ ಬರುವ ಮುಂಚಿನ ಗುರುಗುಂಟಾ ದಾರಿಯ ಎರೆಹೊಲದಂತೆ ಹರಡಿತ್ತು. ಭಾರತಿ ಹೆಸರು ಕೇಳಿದಳು, ಗಂಡನ ಹೆಸರು ಕೇಳಿದಳು, ಪಾತ್ರೆಯ ಮೇಲಿನ ಚೀಟಿಯೊಂದಿಗೆ ತಾಳೆ ನೋಡಿದಳು. ಸಣ್ಣ ನಳಿಕೆಯೊಂದು ಗೆರೆಯಂತೆ ಹೊಲದೊಳಗೆ ಬಂತು. ಈಗ ನೋಡ್ರಿ ಎಂದರು ಡಾಕ್ಟರು. ಗೆರೆಯ ತುದಿಯಿಂದ ಒಂದು ಚುಕ್ಕೆ ಹೊಳೆದು ಹೊರಬಿತ್ತು. ಅದರ ಜೊತೆ ಹೋಗುವ ಗಾಳಿಯ ಹನಿ ಹಾಗೆ ಹೊಳೆಯುತ್ತದೆ, ಅದು ಕಣ್ಣಿಗೆ ಕಾಣುವಂಥದ್ದಲ್ಲ ಎಂದು ಆಮೇಲೆ ಹೇಳಿದರು. ಆ ಕ್ಷಣಕ್ಕೆ ಕಂಡದ್ದು ಬೆಳಕು. ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಮಿಂಚುವ ದೂಳಿನ ಒಂದು ಕಣದಂತೆ ಅದು ಒಮ್ಮೆ ಮಿನುಗಿ, ಅವಳ ಒಳಗೇ, ನಿಂತಿತು. ತಲೆಯ ಬಳಿ ಕಸ್ತೂರೆಮ್ಮನೂ ಆ ಚುಕ್ಕೆಯನ್ನೇ ನೋಡುತ್ತಿದ್ದರು.

ಹದಿನಾಲ್ಕು ದಿನಕ್ಕೆ ರಕ್ತ ನೋಡೋಣ, ಅಲ್ಲಿತನಕ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಕಳಿಸಿದರು. ಕಾರಿನಲ್ಲಿ ಸಂಗನಬಸವ ಹಿಂದಿನ ಸೀಟಿನ ಬಲಗಡೆಯ ಬಾಗಿಲು ತೆಗೆದು ಹಿಡಿದಿದ್ದ. ಅವಳು ಸುತ್ತಿಕೊಂಡು ಹೋಗಿ ಎಡಗಡೆ ಕೂತು ಗಾಜು ಇಳಿಸಿದಳು. ಎಸಿ ಹಾಕೀನಲ್ಲ, ಗಾಜು ಏರಿಸು ಎಂದ. ಕಸ್ತೂರೆಮ್ಮ, ಇರಲಿ ಬಿಡೋ ಎಂದರು. ಕಾಲುವೆಯ ಸೀಮೆ ಮುಗಿಯಿತು. ಬತ್ತ ಕೊಯ್ದಾಗಿತ್ತು. ಆ ನೆಲ ಈ ನೆಲ ಎಲ್ಲ ಒಂದೇ ಬಣ್ಣ, ಎಲ್ಲದರ ಮೇಲೂ ಒಂದೇ ಬಿಸಿಲು. ಮಸ್ಕಿ ದಾಟುವಾಗ ಕಸ್ತೂರೆಮ್ಮ ಅವಳ ಕಡೆ ವಾಲಿ, ಮಗನಿಗೆ ಕೇಳಿಸದಂತೆ ಕೇಳಿದರು:

"ಅದು ಹೊಳದಾಗ ಏನು ಬೇಡಿಕೊಂಡಿ ಯವ್ವಾ?"

ರಾಜಶ್ರೀ ನೆನಪು ಮಾಡಿಕೊಂಡಳು. ಹದಿಮೂರು ವರ್ಷದಲ್ಲಿ ಕೈಮುಗಿದಾಗ, ಕಣ್ಣು ಮುಚ್ಚಿದಾಗ, ಮಲಗುವಾಗ, ಬೇರೆಯವರ ತೊಟ್ಟಿಲಿಗೆ ಕೈ ಹಚ್ಚಿದಾಗ ಬೇಡದ ಗಳಿಗೆ ಇರಲಿಲ್ಲ.

"ಬೇಡೂದು ಮರತೆ, ಅತ್ತೆಮ್ಮ."

ಕಸ್ತೂರೆಮ್ಮ ಕೊರಳಿಗೆ ಹೋದ ಕೈಯನ್ನು ಅಲ್ಲೇ ನಿಲ್ಲಿಸಿ ಕಿಟಕಿಯಾಚೆ ನೋಡಿದರು.

"ನಾನೂ ಮರತೆ," ಎಂದರು.